ಸ್ಕ್ರಿಪ್ಟ್ ಹಿಂಡುವ ಗಾಣ

ಹೊನ್ನಾವರದ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಮಾಸ್ತರನಾಗಿದ್ದ ಕಾಲಕ್ಕೆ ಫ್ಲಾಪಿಗಳು ಇನ್ನೂ ಅಂಗಿಯ ಜೇಬಿನಲ್ಲಿ ಓಡಾಡುತ್ತಿದ್ದವು. ಮನೆಯಲ್ಲಿ ಕಂಪ್ಯೂಟರ್ ಇತ್ತು, ಫೋನ್ ಇರಲಿಲ್ಲ. ಇಂಟರ್ನೆಟ್ ಬೇಕೆಂದರೆ ಕೇಂದ್ರದ ಎದುರಿನ ಸೈಬರ್ ಅಂಗಡಿಗೇ ಹೋಗಬೇಕು. ಅಲ್ಲಿ ಒಂದು ಪುಟ ತೆರೆಯಲು ಒತ್ತಿ, ಹೊರಗೆ ಹೋಗಿ ಚಹಾ ಕುಡಿದು ಬಂದರೂ ಅದು ಅರ್ಧವೇ ಮೂಡಿರುತ್ತಿತ್ತು. ನನಗೆ ಮೊದಲೇ ತಾಳ್ಮೆ ಕಡಿಮೆ. ಇಷ್ಟು ತಡ ಯಾಕೆಂದು ಪುಟಗಳ ಒಳಗಿನ ಸ್ಕ್ರಿಪ್ಟುಗಳನ್ನು, ಅಂದರೆ ಪುಟವನ್ನು ನಡೆಸುವ ಆದೇಶಗಳನ್ನು, ಬಿಚ್ಚಿ ನೋಡಿದೆ. ಬರೆದ ಪುಣ್ಯಾತ್ಮರು ಸಾಲಿಗೊಂದು ಟಿಪ್ಪಣಿ ಹಾಕಿ, ನಡುನಡುವೆ ಗದ್ದೆಯಷ್ಟು ಖಾಲಿ ಜಾಗ ಬಿಟ್ಟಿದ್ದರು. ಓದುವ ಮನುಷ್ಯನಿಗೆ ಅದು ಬೇಕು, ಕಂಪ್ಯೂಟರಿಗೆ ಬೇಡ. ಹೊರುವ ಕರ್ಮ ಮಾತ್ರ ನಮ್ಮ ಟೆಲಿಫೋನ್ ತಂತಿಯದು.

ಅದಕ್ಕೇ ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ಸ್ಕ್ರಿಪ್ಟನ್ನು ಒಂದು ಕಡೆ ತುರುಕಿದರೆ ಟಿಪ್ಪಣಿ, ಖಾಲಿ ಜಾಗ ಎಲ್ಲ ಸೋಸಿ, ಅರ್ಧಕ್ಕಿಂತ ಚಿಕ್ಕದಾಗಿ ಇನ್ನೊಂದು ಕಡೆ ಉಗುಳುತ್ತಿತ್ತು. ನಾನು ಅದನ್ನು ಗಾಣ ಎನ್ನುತ್ತಿದ್ದೆ. ಆಗ ಶಾಲೆಗಳು, ಸಣ್ಣ ಸಂಸ್ಥೆಗಳು ತಮ್ಮ ವೆಬ್‌ಸೈಟ್ ತಾವೇ ಕಟ್ಟಿಕೊಳ್ಳಲೆಂದು ಕೆಲವರು ಸೇರಿ ಒಂದು ಓಪನ್ ಸೋರ್ಸ್ ತಂತ್ರಾಂಶ ನಡೆಸುತ್ತಿದ್ದರು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಎಲ್ಲ ಮಾತೂ ಎಲ್ಲರಿಗೂ ಹೋಗುವ ಮಿಂಚಂಚೆಯಲ್ಲೇ. ಹೆದರುತ್ತಲೇ ಅವರಿಗೆ ಗಾಣ ಕಳಿಸಿದೆ. ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಎರಡು ವಾರ ಪರೀಕ್ಷೆ ಮಾಡಿ, ಮುಂದಿನ ಆವೃತ್ತಿಯಲ್ಲಿ ಸೇರಿಸಿಯೇಬಿಟ್ಟ. ಕೆಲಸ ಮಾಡಿದವರ ಪಟ್ಟಿಯಲ್ಲಿ ಕೊನೆಯ ಹೆಸರು ನನ್ನದು. ಅದನ್ನು ಸೈಬರಿನ ಮಾಲೀಕನಿಗೆ ಕರೆದು ತೋರಿಸಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಆ ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಯಾರ ಕೆಲಸದಲ್ಲಿ ದೋಷ ಕಂಡಿತೋ ಅದನ್ನು ಸರಿಪಡಿಸುವ ಮೊದಲ ಹಕ್ಕು ಅವರದೇ. ಏಳು ದಿನ ಬೇರೆ ಯಾರೂ ಕೈ ಹಾಕುವಂತಿಲ್ಲ. ನಮ್ಮ ಕಡೆ ಒಬ್ಬ ಬೇಲಿ ಕಟ್ಟಿದರೆ ಹತ್ತು ಜನ ಬಂದು ಗೂಟ ಅಲ್ಲಾಡಿಸಿ ನೋಡುತ್ತಾರೆ. ಹಾಗಾಗಿ ಈ ಮರ್ಯಾದೆ ನನಗೆ ಬಹಳ ಹಿಡಿಸಿತ್ತು.

ಆವೃತ್ತಿ ಹೊರಬಂದ ನಾಲ್ಕನೇ ದಿನ ದೂರು ಬಂತು. ಯಾವುದೋ ದೇಶದ ಒಂದು ಶಾಲೆಯ ಪುಟದಲ್ಲಿ ಹೊರಗಿನ ತಾಣಗಳಿಗೆ ಹೋಗುವ ಕೊಂಡಿ ಒಂದೂ ಕೆಲಸ ಮಾಡುತ್ತಿಲ್ಲ. ಓದಿದ ಕೂಡಲೇ ತಪ್ಪು ಹೊಳೆಯಿತು. ಸ್ಕ್ರಿಪ್ಟಿನಲ್ಲಿ // ಎಂದು ಎರಡು ಓರೆಗೆರೆ ಬಂದರೆ ಅಲ್ಲಿಂದ ಮುಂದಿನದು ಟಿಪ್ಪಣಿ ಎಂದು ಗಾಣ ಕತ್ತರಿಸುತ್ತಿತ್ತು. ಅದೇ ಎರಡು ಓರೆಗೆರೆ ಪ್ರತಿಯೊಂದು ವೆಬ್ ವಿಳಾಸದಲ್ಲೂ ಇರುತ್ತದೆ! ಇಷ್ಟು ಸಣ್ಣ ವಿಷಯ ನನಗೆ ಕಾಣಲಿಲ್ಲ ಯಾಕೆಂದರೆ, ನಾನು ಪರೀಕ್ಷೆ ಮಾಡಿದ್ದು ಫೋನಿಲ್ಲದ ಮನೆಯಲ್ಲಿ, ನಾನೇ ಬರೆದ ಪುಟಗಳ ಮೇಲೆ. ಆ ಪುಟಗಳಿಗೆ ಹೊರಗೆ ಹೋಗುವ ದಾರಿಯೇ ಇರಲಿಲ್ಲ, ವಿಳಾಸ ಎಲ್ಲಿಂದ ಬರಬೇಕು? ಹಿರಿಯನೂ ಪರೀಕ್ಷಿಸಿದ್ದು ನಾನು ಕಳಿಸಿದ ಅದೇ ಪುಟಗಳ ಮೇಲಿರಬೇಕು.

ತಿದ್ದಲು ಎರಡೇ ಸಾಲು ಸಾಕಿತ್ತು. ಆದರೂ ದೊಡ್ಡಸ್ತಿಕೆ ಬಿಡಬೇಕಲ್ಲ. ‘ಯಾರೂ ಮುಟ್ಟಬೇಡಿ, ನಾಳೆ ಬೆಳಿಗ್ಗೆ ಸರಿಮಾಡಿ ಕಳಿಸುತ್ತೇನೆ, ಇದು ನನ್ನ ಮಾತು’ ಎಂದು ಎಲ್ಲರಿಗೂ ಬರೆದು ಮನೆಗೆ ಹೋದೆ. ಎರಡು ಸಾಲು ಬರೆದು, ಈ ಸಲ ನಾಲ್ಕು ಬಾರಿ ಪರೀಕ್ಷಿಸಿ, ಫ್ಲಾಪಿಗೆ ಹಾಕಿಕೊಂಡು ಬೆಳಿಗ್ಗೆ ಬಂದರೆ ಸೈಬರಿನ ಫೋನ್ ಸತ್ತಿತ್ತು. ಹೆದ್ದಾರಿ ಬದಿಯಲ್ಲಿ ಮಣ್ಣು ಅಗೆಯುತ್ತಿದ್ದ ಮಷಿನ್ ಊರೂರಿಗೆ ಹೋಗುವ ದೊಡ್ಡ ಕೇಬಲ್ಲನ್ನು ಬೇರು ಸಮೇತ ಕಿತ್ತಿತ್ತು.

ಬಸ್ಸು ಹತ್ತಿ ಕುಮಟೆಗೆ ಹೋದೆ. ಅಲ್ಲಿ ಊರೊಳಗೆ ಫೋನ್ ಮಾಡಬಹುದು, ಹೊರಗೆ ಕರೆ ಹೋಗುವುದಿಲ್ಲ, ಹಾಗಾಗಿ ಇಂಟರ್ನೆಟ್ಟೂ ಇಲ್ಲ. ಮರುದಿನ ಭಟ್ಕಳಕ್ಕೆ ಹೋದೆ. ಅಲ್ಲಿನ ಸೈಬರ್ ಅಂಗಡಿಯ ಭಾಯಿ ಒಳಗೆ ಯಾರಿಗೋ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಕೂಗಿ ಹೇಳಿ, ನನ್ನ ಕಡೆ ತಿರುಗಿ, “ಲೈನ್ ಇಲ್ಲ ಸರ್, ಎರಡು ದಿನ ಆತು. ಬನ್ನಿ, ಕೂತು ಚಾ ಆದ್ರೂ ಕುಡೀರಿ” ಎಂದರು. ಕುಂದಾಪುರದಾಚೆ ಎಲ್ಲ ಸರಿಯಿದೆ ಎಂಬ ಸುದ್ದಿಯನ್ನೂ ಕೊಟ್ಟರು.

ಮೂರನೇ ದಿನ ರಜೆ ಹಾಕಿ ಹೊನ್ನಾವರದಲ್ಲಿ ಕುಂದಾಪುರದ ಕಡೆ ಹೋಗುವ ಬಸ್ಸಿನಲ್ಲಿ ಕೂತೆ. ಬಸ್ಸು ಇನ್ನೂ ಹೊರಟಿರಲಿಲ್ಲ. ಗುರುತಿನ ಟೆಲಿಫೋನ್ ಲೈನ್‌ಮನ್ ಕಿಟಕಿಯ ಕೆಳಗೆ ಕಂಡ.

“ಎಲ್ಲಿಗೆ ಮಾಸ್ತರೆ?”

ಹೇಳಿದೆ.

“ಅಷ್ಟಕ್ಕೆ ಎಂತಕ್ಕೆ ಅಲ್ಲಿ ತನಕ ಹೋಗ್ತೀರಿ? ಜೋಡಿಸೋದು ನಡೀತೇ ಇದೆ. ಸಂಜೆ ಒಳಗೆ ಆತು.”

ಇಳಿದುಬಿಟ್ಟೆ. ಸಂಜೆ ಆಗಲಿಲ್ಲ. ನಾಲ್ಕನೇ ದಿನ ಕೇಳಿದರೆ ಮತ್ತೆ ಅದೇ ಸಂಜೆ. ಎಂಟು ದಿನ ಬೇಕೆಂದು ಮೊದಲೇ ಹೇಳಿದ್ದರೆ ಆವತ್ತೇ ನಡೆದಾದರೂ ಹೋಗುತ್ತಿದ್ದೆ. ಸಂಜೆ ಎಂದವನನ್ನು ನಂಬದೆ ಇರುವುದು ಹೇಗೆ? ಐದನೇ ದಿನದಿಂದ ನನ್ನ ವಿದ್ಯಾರ್ಥಿಗಳ ಪರೀಕ್ಷೆ. ಇನ್ನು ಊರು ಬಿಡುವಂತಿರಲಿಲ್ಲ. ಪರೀಕ್ಷೆಯ ನಡುವೆ ಹತ್ತು ಸಲ ರಸ್ತೆ ದಾಟಿ ಸೈಬರಿಗೆ ಹೋಗಿ ಫೋನ್ ಎತ್ತಿ ಕಿವಿಗಿಟ್ಟುಕೊಳ್ಳುತ್ತಿದ್ದೆ. ಅತ್ತ ಯಾರೋ ಕಾಯುತ್ತಿದ್ದಾರೆ, ಔಷಧಿ ನನ್ನ ಜೇಬಿನಲ್ಲಿದೆ, ಕೊಡಲಾರೆ. ಸಿಟ್ಟು, ಅಳು ಎರಡೂ ಒಟ್ಟಿಗೇ ಬರುತ್ತಿದ್ದವು. ಲೈನ್‌ಮನ್‌ನನ್ನು ಪೇಟೆಯಲ್ಲಿ ನಿಲ್ಲಿಸಿ ಬಾಯಿಗೆ ಬಂದಂತೆ ಬೈದೆ. ಅವನು ಅಂಗೈ ತೋರಿಸಿದ. ತಂತಿ ಗೀರಿ ಚರ್ಮ ಸುಲಿದಿತ್ತು. ಅವನಿಗೂ ಯಾರೋ ಮೇಲಿನವರು ಸಂಜೆ ಎಂದೇ ಹೇಳುತ್ತಿದ್ದರಂತೆ.

ಒಂಬತ್ತನೇ ದಿನ ಬೆಳಿಗ್ಗೆ ಲೈನ್ ಬಂತು. ಮೊದಲು ತಿದ್ದಿದ ಗಾಣವನ್ನು ಕಳಿಸಿದೆ, ಆಮೇಲೆ ಬಂದ ಪತ್ರಗಳನ್ನು ತೆರೆದೆ. ಎಲ್ಲಕ್ಕಿಂತ ಹೊಸದು ಮೇಲಿತ್ತು. ‘ಗಡುವು ಮುಗಿದಿದೆ. ಗಾಣವನ್ನು ತೆಗೆದು ಬೇರೊಬ್ಬರ ಉಪಕರಣ ಹಾಕಿದ್ದೇವೆ.’ ಅದು ಹಿರಿಯನದು, ಹಿಂದಿನ ದಿನದ್ದು. ನನ್ನ ಎರಡು ಸಾಲಿಗೆ ಇನ್ನು ಅಲ್ಲಿ ಜಾಗವಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದುಕೊಂಡು ಎದ್ದುಬಿಡಬಹುದಿತ್ತು. ಎದ್ದಿದ್ದರೆ ಒಳ್ಳೆಯದಿತ್ತು.

ಕೆಳಗಿನವನ್ನೂ ಓದಿದೆ. ಆರನೇ ದಿನ ಒಬ್ಬ, ಈ ಮನುಷ್ಯ ಓಡಿಹೋಗಿದ್ದಾನೆ, ನಾನೇ ಸರಿಮಾಡುತ್ತೇನೆ ಎಂದು ಬರೆದಿದ್ದ. ಹಿರಿಯ ಅವನ ಮೇಲೆ ರೇಗಿದ್ದ. ‘ಆತ ಮಾತು ಕೊಟ್ಟಿದ್ದಾನೆ. ಬರಲಾಗದಂಥದ್ದು ಏನೋ ಆಗಿರಬೇಕು. ಆತನ ಕೆಲಸ ನಾನು ಓದಿದ್ದೇನೆ, ಓಡಿಹೋಗುವವನ ಬರವಣಿಗೆ ಅದಲ್ಲ.’ ಅದರ ಮೇಲಿನ ಪತ್ರದಲ್ಲಿ ಹಿರಿಯ ನನಗೊಬ್ಬನಿಗೇ ಬರೆದ ಒಂದು ಸಾಲಿತ್ತು: ‘ನೀವು ಕ್ಷೇಮವಾಗಿದ್ದೀರಿ ತಾನೆ?’

ಕೇಬಲ್ಲಿನ ಕಥೆ ಬರೆಯಲು ಕೂತೆ. ಎರಡು ಸಲ ಬರೆದು ಎರಡು ಸಲ ಅಳಿಸಿದೆ. ಕೊನೆಗೆ ‘ಕ್ಷೇಮ’ ಎಂದಷ್ಟೇ ಕಳಿಸಿದೆ. ಕಣ್ಣು ಒರೆಸಿಕೊಳ್ಳುವುದನ್ನು ಸೈಬರಿನ ಮಾಲೀಕ ನೋಡಿಬಿಟ್ಟ.

“ಎಂತ ಆತು ಮಾಸ್ತರೆ? ಯಾರಾದ್ರೂ ಹೋದ್ರಾ?”

“ಇಲ್ಲ. ನನ್ನ ನಂಬಿದವ ಒಬ್ಬ ಇದ್ದ.”

“ಯಾವ ಊರಿನವ?”

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.