ಅರವತ್ತು ಲೀಟರಿನ ಹಿಂಭಾರ

1998ನೇ ಇಸವಿ. ನಮ್ಮ ಮನೆಯ ಹತ್ತಿರದ ದೊಡ್ಡ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಡಿಸೈನ್ ಎಂಜಿನಿಯರ್ ಆಗಿದ್ದು, ಸ್ವಯಂ ನಿವೃತ್ತಿ ತೆಗೆದುಕೊಂಡು ಹೊಸ ತಿಪ್ಪಸಂದ್ರದಲ್ಲಿ ಕುಳಿತಿದ್ದೆ. ಮೂರು ತಿಂಗಳಿಗೇ ನನ್ನ ಹೆಂಡತಿ, "ಮನೇಲಿ ಕೂತು ನನ್ನ ಅಡುಗೆ ಡಿಸೈನ್ ತಿದ್ದಬೇಡಿ, ಎಲ್ಲಾದ್ರೂ ಕೆಲಸಕ್ಕೆ ಹೋಗಿ" ಎಂದಳು. ಹಾಗೆ ಸೇರಿದ್ದು ಕೆ.ಆರ್. ಪುರದ ಒಂದು ವರ್ಕ್‌ಶಾಪಿಗೆ. ಟ್ಯಾಂಕರ್, ಟ್ರಾಲಿಗಳಿಗೆ ಬಾಡಿ ಕಟ್ಟುವ ಜಾಗ ಅದು. ಮಾಲೀಕರು ಶಿವಾಜಿನಗರದ ಇಕ್ಬಾಲ್ ಸಾಹೇಬರು. ಮಾತು ಮೃದು, ಕೆಲಸದಲ್ಲಿ ಗಟ್ಟಿ.

ಆ ವರ್ಷ ಇಂದಿರಾನಗರದಲ್ಲಿ ಕಾಡು ಬೆಟ್ಟಗಳಿಗೆ ಪ್ರವಾಸ ಕರೆದೊಯ್ಯುವ ಒಂದು ಸಂಸ್ಥೆಯವರು ಹೊಸ ಬೇಡಿಕೆ ತಂದರು. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಚಿಕ್ಕ ಕ್ಯಾಂಪಿಂಗ್ ಟ್ರೇಲರ್ ಬೇಕು. ಇಬ್ಬರು ಮಲಗಬೇಕು, ಹಿಂಬಾಗಿಲು ಎತ್ತಿದರೆ ಅಡುಗೆ ಕಟ್ಟೆ ಸಿಗಬೇಕು, ಕಲ್ಲು ಹಳ್ಳದ ದಾರಿಯಲ್ಲೂ ನಿಭಾಯಿಸಬೇಕು. ನಮ್ಮಲ್ಲಿ ಯಾರೂ ಅಂಥದ್ದನ್ನು ಕಟ್ಟಿರಲಿಲ್ಲ. "ಮೂರ್ತಿ ಸಾಬ್, ಇದು ನಿಮ್ಮ ಕೆಲ್ಸ" ಎಂದರು ಇಕ್ಬಾಲ್ ಸಾಹೇಬರು. ನನಗೆ ಎರಡು ಕೊಂಬು ಮೂಡಿದವು.

ಟ್ರೇಲರ್ ವಿನ್ಯಾಸದಲ್ಲಿ ಒಂದು ಮುಖ್ಯ ಲೆಕ್ಕವಿದೆ. ಅದರ ಮುಂದಿನ ಮೂತಿ ಜೀಪಿಗೆ ಸೇರಿಕೊಳ್ಳುವ ಜಾಗಕ್ಕೆ ಕಪ್ಲಿಂಗ್ ಎನ್ನುತ್ತಾರೆ. ಒಟ್ಟು ತೂಕದ ಸುಮಾರು ಹತ್ತರಲ್ಲಿ ಒಂದು ಪಾಲು ಆ ಮೂತಿಯ ಮೇಲೆ ಕೂರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರಿನ ಹಿಂಭಾಗ ಎಡಕ್ಕೂ ಬಲಕ್ಕೂ ಬೀಸತೊಡಗುತ್ತದೆ, ಕೊನೆಗೆ ಎಳೆಯುವ ಜೀಪನ್ನೇ ಎತ್ತಿ ಹಾಕುತ್ತದೆ. ನಮ್ಮ ಟ್ರೇಲರ್ ಸಾಮಾನು ಸಮೇತ 390 ಕೆಜಿ, ಜೊತೆಗೆ ಅರವತ್ತು ಲೀಟರ್ ನೀರು, ಒಟ್ಟು 450. ಮೂತಿಯ ಮೇಲೆ 45 ಕೆಜಿ ಬೇಕಿತ್ತು.

ಮೊದಲ ಡ್ರಾಯಿಂಗಿನಲ್ಲಿ ನೀರಿನ ಟ್ಯಾಂಕು ಚಕ್ರಗಳ ಮುಂದೆ ಇತ್ತು. ಕೆಲಸ ಅರ್ಧವಾದಾಗ ಇಂದಿರಾನಗರದವರು ಬಂದು, ನಲ್ಲಿ ಅಡುಗೆ ಕಟ್ಟೆಯ ಪಕ್ಕದಲ್ಲೇ ಬರಲಿ ಎಂದರು. ಟ್ಯಾಂಕನ್ನು ಹಿಂದಕ್ಕೆ, ಚಕ್ರಗಳಿಂದ ಒಂದು ಮೀಟರ್ ಆಚೆಗೆ ಸರಿಸಿದೆ. ಡ್ರಾಯಿಂಗ್ ತಿದ್ದಿದೆ. ಲೆಕ್ಕದ ಹಾಳೆ ತಿದ್ದಲಿಲ್ಲ. ಮರೆತೆ, ಅಷ್ಟೇ. ಅದಕ್ಕೆ ಬೇರೆ ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ.

ಮರೆತದ್ದು ಗೊತ್ತಾಗಬೇಕಿದ್ದ ದಿನವೂ ಗೊತ್ತಾಗಲಿಲ್ಲ. ಮೂತಿಯ ಭಾರ ನೋಡಲು ಮನೆಯಿಂದ ಮೈತೂಕದ ಯಂತ್ರ ತಂದಿದ್ದೆ. ಅಂದು ನಲ್ಲಿ ನೀರು ಬರುವ ಸರದಿಯ ದಿನವಲ್ಲ, ಬೋರ್‌ವೆಲ್ ಮೋಟಾರು ಸುಟ್ಟು ಎರಡು ದಿನವಾಗಿತ್ತು. ವರ್ಕ್‌ಶಾಪಿನಲ್ಲಿ ಕುಡಿಯುವ ಕೊಡ ಬಿಟ್ಟರೆ ನೀರಿಲ್ಲ. ಖಾಲಿ ಟ್ಯಾಂಕಿನಲ್ಲೇ ತೂಗಿದೆ. 33 ಕೆಜಿ ತೋರಿಸಿತು. ಹಳೆಯ ಹಾಳೆಯಲ್ಲಿ ನೀರಿನಿಂದ ಮೂತಿಗೆ 12 ಕೆಜಿ ಸೇರುತ್ತದೆ ಎಂದಿತ್ತು. ಕೂಡಿದೆ. ಸರಿಯಾಗಿ 45. ಉತ್ತರ ಅಷ್ಟು ಚೆನ್ನಾಗಿ ಬಂದಾಗ ಯಾರು ತಾನೇ ಮತ್ತೆ ನೋಡುತ್ತಾರೆ?

ಪರೀಕ್ಷೆಗೆ ಜೀಪು ಓಡಿಸಬೇಕಾದವರು ಮುನಿರಾಜು. ಕೆ.ಆರ್. ಪುರದ ಹಳೆಯ ಊರಿನವರೇ. ಆಗ ಅವರಿಗೆ ನಲವತ್ತೈದು ಇರಬೇಕು. ಚಿಕ್ಕಂದಿನಲ್ಲಿ ಎತ್ತಿನ ಗಾಡಿಯಲ್ಲಿ ಸಂತೆಗೆ ತರಕಾರಿ ಹೊಡೆದಿದ್ದರು, ಆಮೇಲೆ ಲಾರಿ, ಆಮೇಲೆ ನಮ್ಮ ಜೀಪು. ಆರು ವರ್ಷ ದಿನಗೂಲಿಯಲ್ಲಿದ್ದ ಅವರನ್ನು ಈ ಟ್ರೇಲರ್ ಕೆಲಸ ಮುಗಿದ ಮೇಲೆ ಕಾಯಂ ಮಾಡುವುದಾಗಿ ಇಕ್ಬಾಲ್ ಸಾಹೇಬರು ಮಾತು ಕೊಟ್ಟಿದ್ದರು. ಮುನಿರಾಜು ತಮ್ಮ ಮನೆಯಲ್ಲಿ ಅದಾಗಲೇ ಆಗಿಹೋದ ಸಂಗತಿಯೆಂಬಂತೆ ಹೇಳಿಕೊಂಡಿದ್ದರಂತೆ.

ಪರೀಕ್ಷೆಯ ದಿನ ಬೆಳಿಗ್ಗೆ, ನಾನು ಬರೆದುಕೊಟ್ಟಿದ್ದ ಚೀಟಿಯಂತೆ ಅವರು ಟ್ಯಾಂಕು ತುಂಬಿಸಿದರು. ಮೂತಿಯನ್ನು ಎತ್ತಿ ಜೀಪಿಗೆ ಸೇರಿಸಿದವರು ಮತ್ತೆ ಬಿಚ್ಚಿದರು, ಮತ್ತೆ ಎತ್ತಿ ನೋಡಿದರು.

"ಸಾರ್, ಹಿಂಭಾರ ಆಗೈತೆ. ಒಂದೇ ಕೈಗೆ ಎದ್ದುಬಿಡ್ತು ನೋಡಿ. ಗಾಡೀಲಿ ಹಿಂಗೆ ಹೇರಿದ್ರೆ ನೊಗ ಮೇಲಕ್ಕೆದ್ದು ಎತ್ತಿಗೆ ಕೊರಳು ಬಿಗಿಯುತ್ತೆ."

"ಮುನಿರಾಜು, ಇದು ಎತ್ತಿನ ಗಾಡಿ ಅಲ್ಲ. ಲೆಕ್ಕ ಹಾಕಿದೀನಿ" ಎಂದೆ. ವೆಲ್ಡಿಂಗ್ ಮಾಡುತ್ತಿದ್ದವರೆಲ್ಲ ನಕ್ಕರು. ಅವರೂ ನಕ್ಕು ಮೂತಿಯನ್ನು ಮತ್ತೆ ಜೀಪಿಗೆ ಸೇರಿಸಿದರು. ಕೈಯಲ್ಲಿ ಎತ್ತಿ ನೋಡಲು ನನಗೆ ಅರ್ಧ ನಿಮಿಷ ಸಾಕಿತ್ತು. ನಾನು ನೋಡಲಿಲ್ಲ.

ಊರಾಚೆಯ ಕಲ್ಲು ಕ್ವಾರಿಯ ದಾರಿಯಲ್ಲಿ ಎರಡು ಗಂಟೆ ಓಡಾಡಿದೆವು. ಹಳ್ಳ ಇಳಿದು ಹತ್ತಿತು, ಬಂಡೆಯ ಮೇಲೆ ಒಂದು ಚಕ್ರ ಎತ್ತಿ ನಿಂತಿತು. ಒಂದು ಬೋಲ್ಟೂ ಸಡಿಲವಾಗಲಿಲ್ಲ. ನಾನು ಮುನಿರಾಜು ಪಕ್ಕದಲ್ಲೇ ಕುಳಿತು ಬರೆದುಕೊಳ್ಳುತ್ತಿದ್ದೆ, ಒಳಗೊಳಗೇ ಬೀಗುತ್ತಿದ್ದೆ. ಅಲ್ಲಿಯವರೆಗೆ ವೇಗ ಎಲ್ಲೂ ಇಪ್ಪತ್ತು ದಾಟಿರಲಿಲ್ಲ. ಹಿಂದಿರುಗುವಾಗ ನೇರವಾದ ಇಳಿಜಾರಿನ ಮಣ್ಣು ರಸ್ತೆ ಸಿಕ್ಕಿತು. ನನ್ನದೇ ಚೀಟಿಯಲ್ಲಿ ವೇಗದ ಮಿತಿ ಗಂಟೆಗೆ ನಲವತ್ತು ಕಿಲೋಮೀಟರ್ ಎಂದಿತ್ತು. ಮುನಿರಾಜು ಮೂವತ್ತೈದರಲ್ಲಿ ಹಿಡಿದಿದ್ದರು. ಗಿರಾಕಿಗಳಿಗೆ ಹೇಳಲು ಒಂದು ದೊಡ್ಡ ಅಂಕಿ ನನಗೆ ಬೇಕಿತ್ತು.

"ಇನ್ನೂ ಸ್ವಲ್ಪ ಬಿಡಿ, ಐವತ್ತು ಮುಟ್ಟಲಿ" ಎಂದೆ.

"ಬೇಡ ಸಾರ್."

"ಬಿಡೀಪ್ಪಾ, ನಾನಿದೀನಲ್ಲ."

ಮುಳ್ಳು ನಲವತ್ತೆಂಟಕ್ಕೆ ಬಂದಾಗ ಹಿಂದಿನಿಂದ ಯಾರೋ ಬೆನ್ನು ಹಿಡಿದು ಜಗ್ಗಿದಂತಾಯಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮೂರನೆಯ ಬೀಸಿಗೆ ಜೀಪು ಬಲಮಗ್ಗುಲಿಗೆ ಉರುಳಿ ಚರಂಡಿಗೆ ಬಿತ್ತು. ನನ್ನ ಮೊಣಕಾಲು ತರಚಿತು. ಮುನಿರಾಜು ಅವರ ಬಲ ಮುಂಗೈ ಬಾಗಿಲಿನ ಚೌಕಟ್ಟಿಗೂ ಕಲ್ಲಿಗೂ ನಡುವೆ ಸಿಕ್ಕಿತ್ತು. ಕಲ್ಲು ತುಂಬಿಕೊಂಡು ಬಂದ ಟ್ರ್ಯಾಕ್ಟರಿನವರು ಜೀಪು ಎತ್ತಿ ಬಿಡಿಸಿದರು. ಹಲಸೂರಿನ ನರ್ಸಿಂಗ್ ಹೋಮಿನಲ್ಲಿ ಪ್ಲೇಟು ಹಾಕಿದರು. ಮೂಳೆ ಕೂಡಿತು, ಎರಡು ಬೆರಳು ಮಾತ್ರ ಮತ್ತೆ ಪೂರ್ತಿ ಮಡಚಲು ಬರಲಿಲ್ಲ.

ಮರುದಿನ ಹಾಳೆಗಳನ್ನು ಹರಡಿಕೊಂಡು ಕುಳಿತಾಗ ಹತ್ತು ನಿಮಿಷದಲ್ಲಿ ತಪ್ಪು ಕಣ್ಣಿಗೆ ಬಿತ್ತು. ಹಿಂದಕ್ಕೆ ಹೋದ ನೀರು ಮೂತಿಗೆ 12 ಕೆಜಿ ಸೇರಿಸುವ ಬದಲು 24 ಕೆಜಿ ಎತ್ತಿತ್ತು. ಇದ್ದದ್ದು 45 ಅಲ್ಲ, 9 ಕೆಜಿ. ಮುನಿರಾಜು ಒಂದೇ ಕೈಯಲ್ಲಿ ಎತ್ತಿದ್ದು ಆ ಒಂಬತ್ತು ಕೆಜಿಯನ್ನು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುವ ಮಾತು ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು.

ಆದರೆ ನನ್ನ ಪಾಪ ಆ ಲೆಕ್ಕವಲ್ಲ. ಲೆಕ್ಕ ತಪ್ಪುವುದು ಎಲ್ಲರಿಗೂ ಉಂಟು. ತಪ್ಪು ಗೊತ್ತಾದ ಮೇಲೆ, ಅದೇ ಮಧ್ಯಾಹ್ನ, ಅದೇ ಮೇಜಿನ ಮೇಲೆ ನಾನು ರಿಪೋರ್ಟು ಬರೆದೆ. ಇಂಗ್ಲಿಷಿನಲ್ಲಿ ಮೂರು ಪುಟ. ನಿಗದಿತ ವೇಗ ನಲವತ್ತು, ಅಪಘಾತದ ವೇಳೆ ವೇಗ ನಲವತ್ತೆಂಟು, ಚಾಲಕ ಮಿತಿ ಮೀರಿದ್ದರಿಂದ ನಿಯಂತ್ರಣ ತಪ್ಪಿತು ಎಂದು. ಒಂದು ಅಂಕಿಯೂ ಸುಳ್ಳಲ್ಲ. ಟ್ಯಾಂಕಿನ ಬಗ್ಗೆ, 'ಮುಂದಿನ ಮಾದರಿಯಲ್ಲಿ ಸ್ಥಾನ ಬದಲಿಸಬಹುದು' ಎಂಬ ಒಂದು ಸಾಲು.

ಇಕ್ಬಾಲ್ ಸಾಹೇಬರು ಓದಿ ತಲೆ ಎತ್ತಿದರು. "ಏನ್ ಸಾಬ್, ನಮ್ಮ ಮುನಿರಾಜು ಜೋರಾಗಿ ಓಡ್ಸಿದ್ರಾ? ಅವ್ರು ಅಂಥ ಆದ್ಮಿ ಅಲ್ವಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. "ಸ್ಪೀಡು ನಲವತ್ತೆಂಟಿತ್ತು" ಎಂದೆ. ಅವರು ಮತ್ತೆ ಕೇಳಲಿಲ್ಲ. ಆಸ್ಪತ್ರೆಯ ಖರ್ಚು ತಾವೇ ನೋಡಿಕೊಂಡರು, ಕಾಯಂ ಕೆಲಸ ಮಾತ್ರ ಬೇರೆ ಡ್ರೈವರಿಗೆ ಹೋಯಿತು. ಮುನಿರಾಜು ಒಂದು ದಿನ ಕೈಗೆ ಪಟ್ಟಿ ಕಟ್ಟಿಕೊಂಡು ಬಂದು, ಎಲ್ಲರಿಗೂ ನಮಸ್ಕಾರ ಹೇಳಿ, ತಮ್ಮ ಊಟದ ಡಬ್ಬಿ ತೆಗೆದುಕೊಂಡು ಹೋದರು. ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ದೊಡ್ಡತನದಿಂದ ನನ್ನನ್ನು ಕಾಪಾಡಿದರು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಟ್ಯಾಂಕು ಮುಂದಕ್ಕೆ ಬಂತು, ಎರಡನೆಯ ಪರೀಕ್ಷೆಯಲ್ಲಿ ಟ್ರೇಲರ್ ಐವತ್ತೈದರಲ್ಲೂ ನೆಟ್ಟಗೆ ಓಡಿತು. ಅಂಥವು ಹನ್ನೊಂದು ಕಟ್ಟಿದೆವು. ಜನ ಹೊಗಳಿದಾಗಲೆಲ್ಲ ಬೇಡ ಎನ್ನದೆ ಕೇಳಿಸಿಕೊಂಡೆ.

2007ರಲ್ಲಿ, ಮಗಳ ಮನೆಗೆ ಮಂಚ ನೋಡಲು ಬೈಯಪ್ಪನಹಳ್ಳಿಯ ಒಂದು ಗೋದಾಮಿಗೆ ಹೋಗಿದ್ದೆ. ಗೇಟಿನಲ್ಲಿ ವಾಚ್‌ಮನ್ ಆಗಿದ್ದವರು ಮುನಿರಾಜು. ತಾವು ಕುಳಿತಿದ್ದ ಕುರ್ಚಿಯನ್ನೇ ನನಗೆ ಕೊಟ್ಟರು. ಅಷ್ಟರಲ್ಲಿ ಒಬ್ಬ ಲಾರಿಯವ ಬಂದು, "ಗಾಡಿ ಒಂಚೂರು ಹಿಂದೆ ತಗೋ ಗುರು, ಕೀ ಅದರಲ್ಲೇ ಇದೆ" ಎಂದ. ಮುನಿರಾಜು ಕೈ ಆಡಿಸಿ ಬೇಡವೆಂದರು. ನಾನು ಕೈ ನೋವೇ ಎಂದು ಕೇಳಿದೆ.

"ನೋವೇನಿಲ್ಲ ಸಾರ್, ಭಯ. ಅವತ್ತಿಂದ ಸ್ಟೇರಿಂಗ್ ಮುಟ್ಟಿಲ್ಲ. ನನ್ನ ಕೈ ತಪ್ಪಿದ್ದಕ್ಕೆ ನಿಮ್ಮ ಜೀವಕ್ಕೂ ಬರ್ತಿತ್ತಲ್ಲ."

ಒಂಬತ್ತು ವರ್ಷ ಈ ಮನುಷ್ಯ ನನ್ನನ್ನು ಕಾಪಾಡುತ್ತಿರಲಿಲ್ಲ, ನನ್ನ ರಿಪೋರ್ಟನ್ನು ನಂಬಿದ್ದರು. ನಿಂತೇ ಎಲ್ಲ ಹೇಳಿದೆ: ಟ್ಯಾಂಕು, ತಿದ್ದದ ಹಾಳೆ, ಒಂಬತ್ತು ಕೆಜಿ, ಐವತ್ತು ಮುಟ್ಟಲಿ ಎಂದವನು ನಾನೇ ಎಂಬುದು.

"ನೀವು ಅಂದಿದ್ದು ಜ್ಞಾಪಕ ಐತೆ. ಆದ್ರೆ ಸಾಹೇಬ್ರು ನಿಮ್ಮ ರಿಪೋರ್ಟು ಓದಿ ಹೇಳಿದಾಗ, ಓದಿದೋರು ಲೆಕ್ಕ ಹಾಕಿ ಬರ್ದವ್ರೆ, ನನ್ದೇ ತಪ್ಪಿರ್ಬೇಕು ಅನ್ಕೊಂಡೆ" ಎಂದರು. ಆಮೇಲೆ ಕೇಳಿದರು, "ಹಂಗಾದ್ರೆ ಅವತ್ತು ಬೆಳಗ್ಗೆ ನಾನು ಹೇಳಿದ್ದು ಸರಿನಾ ಸಾರ್?"

"ಸರಿ."

"ಇದನ್ನ ನಮ್ಮನೆಯೋಳ ಮುಂದೆ ಒಂದ್ಸಲ ಹೇಳ್ತೀರಾ?"

ಆ ಭಾನುವಾರ ಕೆ.ಆರ್. ಪುರದ ಅವರ ಮನೆಗೆ ಹೋದೆ. ತಿದ್ದಿದ ರಿಪೋರ್ಟನ್ನು ಕನ್ನಡದಲ್ಲಿ ಬರೆದು, ಸಹಿ ಹಾಕಿ ಒಯ್ದಿದ್ದೆ. ಅದರ ಒಂದು ಪ್ರತಿಯನ್ನು ಹಿಂದಿನ ದಿನವೇ ಇಕ್ಬಾಲ್ ಸಾಹೇಬರ ಕೈಗೆ ಕೊಟ್ಟಿದ್ದೆ. ಅವರು ಓದಿ, ನನ್ನ ಮುಖ ನೋಡದೆ ಒಳಗೆ ಹೋಗಿದ್ದರು. ಮುನಿರಾಜು ಅವರ ಹೆಂಡತಿ ಲಕ್ಷ್ಮಮ್ಮ ಬಾಗಿಲಿಗೆ ಒರಗಿ ನಿಂತು ಪೂರ್ತಿ ಕೇಳಿಸಿಕೊಂಡರು. ಜಗಳ ಬಂದಾಗಲೆಲ್ಲ "ಜೋರಾಗಿ ಓಡಿಸಿ ಬಂದ ಕೆಲಸ ಕಳ್ಕೊಂಡೋರು" ಎಂದು ಗಂಡನನ್ನು ಚುಚ್ಚಿದ್ದವರು ಅವರು. ನಾನು ಓದಿ ಮುಗಿಸಿದಾಗ ಅವರು ಗಂಡನ ಕಡೆ ಒಮ್ಮೆ ನೋಡಿ, ನನ್ನನ್ನು ಕೇಳಿದರು:

"ಇಷ್ಟು ದಿನ ನೀವೆಲ್ಲಿದ್ರಿ ಸಾರ್?"

ತಿಪ್ಪಸಂದ್ರದಲ್ಲೇ ಇದ್ದೆ. ಒಂದೇ ಬಸ್ಸಿನ ದಾರಿ. ಅದನ್ನು ಹೇಳದೆ ರಿಪೋರ್ಟನ್ನು ಅವರ ಕೈಗಿಟ್ಟೆ.

ಆಮೇಲೆಯೂ ಕೆಲವು ವಾಹನಗಳನ್ನು ಪರೀಕ್ಷೆ ಮಾಡಿದೆ. ಪ್ರತಿ ರಿಪೋರ್ಟಿನ ಮೊದಲ ಸಾಲಿನಲ್ಲಿ ಗಾಡಿಯಲ್ಲಿ ಯಾರು ಯಾರು ಕುಳಿತಿದ್ದರು, ಯಾರು ಏನು ಹೇಳಿದರು ಎಂದು ಬರೆಯುವ ಅಭ್ಯಾಸ ಮಾಡಿಕೊಂಡೆ. ವೃತ್ತಿ ನನಗೆ ಕಲಿಸಿದ್ದು ಇಷ್ಟು: ನಾವು ಬರೆದದ್ದನ್ನು ನಮಗಿಂತ ಹೆಚ್ಚು ನಂಬುವವರು ಇರುತ್ತಾರೆ, ತಮ್ಮ ಕೈಯನ್ನೇ ಅನುಮಾನಿಸುವಷ್ಟು. ಲಕ್ಷ್ಮಮ್ಮನವರ ಪ್ರಶ್ನೆಗೆ ಮಾತ್ರ ಇವತ್ತಿಗೂ ನಾನು ಉತ್ತರ ಬರೆದಿಲ್ಲ.