ಕೊಲ್ಲಬೇಕು ಎಂಬಲ್ಲಿ ಕೊಳ್ಳಬೇಕು

ಅಚ್ಚುಮನೆಯ ಕರಡಿಯಮ್ಮ, ವಯಸ್ಸು ಐವತ್ತೊಂಬತ್ತು. ಗಿರಣಿಯ ಕಾವಲುಗಾರನ ಹಿರಿಯ ಮಗಳು, ಸೊಂಟನೋವಿನ ದರ್ಜಿಯೊಬ್ಬಳಿಗೆ ಅಕ್ಕ, ಯಾರಿಗೂ ಹೆಂಡತಿಯಲ್ಲ. ಕರಡು ತಿದ್ದುವ ಕೆಲಸದವಳಾದ್ದರಿಂದ ಮೊದಲು ಕರಡಮ್ಮ ಎನ್ನುತ್ತಿದ್ದರು. ಒಬ್ಬೊಬ್ಬರ ತಪ್ಪನ್ನೂ ಹಿಡಿದು ಪರಚತೊಡಗಿದ ಮೇಲೆ ಆ ಹೆಸರಿನ ನಡುವೆ ಒಂದು ಗುಡಿಸು ಸೇರಿಕೊಂಡಿತು. ಅದನ್ನು ಮಾತ್ರ ಆಕೆ ತಿದ್ದಲು ಹೋಗಲಿಲ್ಲ.

ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ಗಂಡಿನ ಕಡೆಯಿಂದ ಒಪ್ಪಿಗೆಯ ಪತ್ರ ಬಂದಿತ್ತು. ಅದರಲ್ಲಿದ್ದ ಹನ್ನೊಂದು ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಮರುಟಪಾಲಿಗೆ ಹಾಕಿದಳು. ಸಂಬಂಧ ಅಲ್ಲಿಗೇ ನಿಂತಿತು. ತಂಗಿ ಇಂದಿಗೂ ಆ ಗಂಡನ್ನು "ನಮ್ಮ ಹನ್ನೊಂದು ತಪ್ಪಿನ ಭಾವ" ಎನ್ನುತ್ತಾಳೆ.

ಮೂವತ್ತೊಂದು ವರ್ಷ ಆಕೆ ಮೆಟ್ಟಿಲ ಕೆಳಗಿನ ಮೇಜಿನಲ್ಲಿ ಕುಳಿತು ಆಹ್ವಾನಪತ್ರ, ಔಷಧದ ಚೀಟಿ, ಪ್ರಶ್ನೆಪತ್ರಿಕೆ, ಸಂಘಸಂಸ್ಥೆಗಳ ವರದಿಗಳನ್ನು ಓದಿದಳು. ಗೋಡೆಯಾಚೆ ಯಂತ್ರ ಓಡಿದರೆ ಮೇಜು ನಡುಗುತ್ತಿತ್ತು; ಸಾಲಿನ ಕೆಳಗೆ ಅಡಿಪಟ್ಟಿ ಒತ್ತಿ ಹಿಡಿದು ಒಂದೊಂದೇ ಸಾಲು ಇಳಿಯುತ್ತಿದ್ದಳು. ಮೊದಲೆಲ್ಲ ಮೂಲಪ್ರತಿಯನ್ನು ಗಟ್ಟಿಯಾಗಿ ಓದಿಹೇಳಲು ಒಬ್ಬನಿದ್ದ. ಅವನನ್ನು ಕೆಲಸದಿಂದ ಬಿಡಿಸಿದ ಮೇಲೆ ಇಬ್ಬರ ಕೆಲಸ ಒಂದೇ ಜೋಡಿ ಕಣ್ಣಿನ ಮೇಲೆ ಬಿತ್ತು. ಹೊಸಬರಿಗೆ ಆಕೆ ಹೇಳಿಕೊಡುತ್ತಿದ್ದ ಪಾಠ ಎರಡೇ ಮಾತಿನದು: ತಿದ್ದು, ಸೇರಿಸಬೇಡ. ತನ್ನ ಕೈ ದಾಟಿದ ಹಾಳೆಯಲ್ಲಿ ಒಂದು ತಪ್ಪೂ ಅಚ್ಚಾಗಿಲ್ಲವೆಂಬುದು ಆಕೆಯ ಹೆಮ್ಮೆ. ಆ ಹೆಮ್ಮೆಯನ್ನು ಕೆಡದಂತೆ ಹೊತ್ತುಕೊಂಡು ನಿವೃತ್ತಿಯ ದಿನ ಬಾಗಿಲು ದಾಟುವುದು ಆಕೆಗೆ ಉಳಿದಿದ್ದ ಒಂದೇ ಆಸೆ.

ನಿವೃತ್ತಿಗೆ ಒಂದು ವರ್ಷವಿರುವಾಗ ಯಜಮಾನ ಒಂದು ದಪ್ಪ ಕಟ್ಟನ್ನು ತಂದು ಮೇಜಿನ ಮೇಲಿಟ್ಟ.

"ಏನಿದು, ದೆವ್ವದ ಪುಸ್ತಕವಾ?"

"ಆಟದ್ದಂತೆ ಕಣಮ್ಮ. ಬಸ್ಸಿನ ಡ್ರೈವರೊಬ್ಬ ಬರೆದಿದ್ದಾನೆ. ನೂರಾಹನ್ನೆರಡು ದೆವ್ವ ಇದಾವೆ, ನಿಮ್ಮನ್ನ ಕಂಡ್ರೆ ಅವೇ ಹೆದರ್ತವೆ, ಓದಿ."

ಮೇಜಿನ ಸುತ್ತ ಕುಳಿತು, ಬಾಯಲ್ಲೇ ಕಥೆ ಕಟ್ಟಿ, ದಾಳ ಉರುಳಿಸಿ ಆಡುವ ಆಟವದು. ಆಡುವವರು ವೀರರು; ಅವರಿಗೆ ಎದುರಾಗುವ ವಿಕಾರಜೀವಿಗಳಿಗೆಲ್ಲ ಆಟ ನಡೆಸುವವನೊಬ್ಬನೇ ಬಾಯಿ. ಯಾವ ಜೀವಿಗೆ ಎಷ್ಟು ಬಲ, ಅದು ಏನನ್ನು ತಿನ್ನುತ್ತದೆ, ಯಾವುದರಿಂದ ಸಾಯುತ್ತದೆ ಎಂಬುದನ್ನೆಲ್ಲ ಡ್ರೈವರು ಬರೆದಿಟ್ಟಿದ್ದ. ಆರು ಕಣ್ಣಿನ ಗೂಬೆ, ಬಾವಿಯೊಳಗಿನ ಕೂದಲು, ಕೀಲಿಕೈ ನುಂಗುವ ಬಾಗಿಲು. ಕರಡಿಯಮ್ಮನಿಗೆ ಯಾವುದೂ ಭಯ ಹುಟ್ಟಿಸಲಿಲ್ಲ. ಅಕ್ಷರ ಜೋಡಿಸಿದವನ ನಾಲಿಗೆಗೆ ಲಕಾರ ಳಕಾರಗಳ ಭೇದ ತಿಳಿಯದಿದ್ದುದೇ ಭಯಂಕರವಾಗಿತ್ತು. ದೈತ್ಯ ಜೇಡ ವೀರರ ಮೇಲೆ ಬಲೆಯ ಬದಲು ಬಳೆ ಎಸೆಯುತ್ತಿತ್ತು. ಮೂರು ವಾರ ಕೆಂಪು ಶಾಯಿ ಹರಿಸಿ ಆಕೆ ಅಂಥ ಇನ್ನೂರು ತಪ್ಪು ಹೆಕ್ಕಿದಳು. ಪುಸ್ತಕ ಅಚ್ಚಾಯಿತು.

ಒಂಬತ್ತು ತಿಂಗಳ ಬಳಿಕ ಎರಡನೆಯ ಮುದ್ರಣದ ಮಾತಿಗೆಂದು ಡ್ರೈವರು ಅಚ್ಚುಮನೆಗೆ ಬಂದ. ಪುಸ್ತಕದ ನಲವತ್ತೇಳನೆಯ ಪುಟ ತೆರೆದು ಕರಡಿಯಮ್ಮನ ಮುಂದಿಟ್ಟ.

"ಅಮ್ಮಾವ್ರೇ, ಇದೊಂದು ಸಾಲನ್ನ ದಯವಿಟ್ಟು ಮುಟ್ಟಬೇಡಿ."

ಆ ಪುಟದಲ್ಲಿದ್ದುದು ತೂಕಡಿ ಎಂಬ ಜೀವಿ. ಎತ್ತಿನ ಗಾತ್ರ, ಬೂದಿ ಬಣ್ಣ. ಹತ್ತಿರ ಬಂದವರ ದಣಿವನ್ನು ತಿನ್ನುತ್ತದೆ, ದಣಿವು ಮುಗಿದರೆ ಅವರ ಎಚ್ಚರವನ್ನೂ ತಿನ್ನುತ್ತದೆ. ಕೊನೆಯ ಸಾಲು ಹೀಗಿತ್ತು: "ಕಂಡವರು ಅದು ಏಳುವ ಮೊದಲೇ ಕೊಳ್ಳಬೇಕು."

ಕೊಲ್ಲಬೇಕು ಎಂದಿರಬೇಕಾದ ಜಾಗ. ಕರಡಿಯಮ್ಮನ ಕೈ ಕೆಂಪು ಶಾಯಿಯ ಪೆನ್ನಿಗೆ ಹೋಯಿತು.

"ಇದು ತಪ್ಪು."

"ಗೊತ್ತು. ಆದ್ರೆ ನಮ್ಮ ಮೇಜಲ್ಲಿ ಪುಸ್ತಕದಲ್ಲಿದ್ದದ್ದೇ ಕಾನೂನು. ಅದನ್ನ ನೋಡಿ ನಮ್ಮ ಜೊತೆ ಆಡೋ ದಾದಿ ಕೊಳ್ತೀನಿ ಅಂದ್ಲು. ಆಟ ನಡೆಸೋನು ನಾನೇ ಅಲ್ವಾ, ಏನು ಕೊಡ್ತೀಯ ಅಂತ ಕೇಳಿದೆ. 'ನನ್ನ ಹತ್ರ ದಣಿವು ಬಿಟ್ರೆ ಇನ್ನೇನಿದೆ' ಅಂದ್ಲು. ಅದಕ್ಕೂ ಅದೇ ತಾನೇ ಬೇಕಾಗಿದ್ದು? ಕೊಟ್ಟುಬಿಟ್ಟೆ. ಈಗ ಎಂಟು ತಿಂಗಳಿಂದ ತೂಕಡಿ ನಮ್ಮ ಜೊತೆಗೇ ಇದೆ. ಎಲ್ಲರೂ ಮೊದಲು ಅದರ ಮುಂದೆ ದಿನದ ದಣಿವು ಹೇಳಿಯೇ ದಾಳ ಮುಟ್ಟೋದು. ನೀವು ತಿದ್ದಿದ್ರೆ ಅದನ್ನ ಕೊಲ್ಲಬೇಕಾಗುತ್ತೆ."

"ಇಲ್ಲದ ಪ್ರಾಣಿಯನ್ನ ಕೊಂದ್ರೆ ಯಾರಿಗೆ ನಷ್ಟ?"

"ಭಾನುವಾರ ಡಿಪೋಗೆ ಒಂದು ಸಲ ಬಂದು ನೋಡಿ," ಎಂದು ಡ್ರೈವರು ಎದ್ದುಹೋದ.

ಮನೆಯಲ್ಲಿ ತಂಗಿ ಗುಂಡಿ ಹೊಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಇನ್ನೂರು ತಪ್ಪು ಹಿಡಿದವಳಿಗೆ ಒಂದು ತಪ್ಪಿಸಿಕೊಂಡ್ರೆ ಏನಾಯ್ತಕ್ಕ? ಹನ್ನೊಂದು ತಪ್ಪಿನ ಭಾವ ಕೇಳಿದ್ರೆ ಸಿಹಿ ಹಂಚ್ತಾನೆ."

"ತಪ್ಪು ತಪ್ಪೇ. ಹೋಗಿ ಹೇಳಿಬರ್ತೀನಿ, ತಿದ್ದೋದೇ ಅಂತ."

ಭಾನುವಾರ ಮಧ್ಯಾಹ್ನ ಬಸ್ ಡಿಪೋದ ವಿಶ್ರಾಂತಿ ಕೋಣೆಗೆ ಹೋದಳು. ಡೀಸೆಲ್ ವಾಸನೆ, ಗೋಡೆಗೆ ತಲೆಯೆಣ್ಣೆಯ ಕಲೆ, ಕಾಲು ಅಲುಗುವ ಮೇಜು. ಪಾಳಿ ಮುಗಿಸಿ ಬಂದ ದಾದಿ ಬೂಟು ಕಳಚಿ ಊದಿದ ಪಾದಗಳನ್ನು ಬೆಂಚಿನ ಮೇಲಿಟ್ಟಿದ್ದಳು. ಪಕ್ಕದಲ್ಲಿ ಅಂಚೆಯಣ್ಣ, ಎದುರಿಗೆ ಡ್ರೈವರು. ದಾದಿ ಯಾರ ಮುಖವನ್ನೂ ನೋಡದೆ ಮೇಜಿನಡಿಗೆ ಹೇಳುವಂತೆ ಹೇಳಿದಳು: "ಇವತ್ತು ಒಬ್ಬ ಅಜ್ಜ ನನ್ನನ್ನ ಮಗಳು ಅಂತ ತಿಳ್ಕೊಂಡು ಎರಡು ಗಂಟೆ ಬೈದ್ರು. ನಾನೂ ಹೂಂ ಅಪ್ಪಾ, ಹೂಂ ಅಪ್ಪಾ ಅಂತಿದ್ದೆ." ಡ್ರೈವರು ಗಂಟಲೊಳಗಿನ ದಪ್ಪ ಸ್ವರದಲ್ಲಿ, ತೂಕಡಿಯಾಗಿ, "ತಗೊಂಡೆ" ಎಂದ. ಅಷ್ಟೇ. ಸಮಾಧಾನ ಹೇಳುವುದಾಗಲಿ ಉಪದೇಶ ಕೊಡುವುದಾಗಲಿ ಆ ಮೇಜಿನಲ್ಲಿ ಇರಲಿಲ್ಲ.

ಡ್ರೈವರು ಕರಡಿಯಮ್ಮನ ಕಡೆ ತಿರುಗಿದ. "ಅಮ್ಮಾವ್ರೇ, ತೂಕಡಿ ಕೇಳ್ತಾ ಇದೆ. ನೀವೇನು ತಂದಿದ್ದೀರಿ?"

"ನಾನು ಆಡೋಕೆ ಬಂದಿಲ್ಲ."

"ಆಡೋಕೆ ಬಂದವರು ಇಲ್ಲಿ ಯಾರಿದ್ದಾರೆ ತಾಯಿ," ಎಂದ ಅಂಚೆಯಣ್ಣ. "ಬಿದ್ದುಕೊಳ್ಳೋಕೆ ಬಂದವರೇ ಎಲ್ಲ."

ತಿದ್ದುವುದೇ ಸರಿ ಎಂದು ಹೇಳಲು ಆಕೆ ಬಾಯಿ ತೆರೆದಳು. ಹೊರಬಿದ್ದುದು ಬೇರೆಯೇ.

"ಆ ಪುಟ ಓದುವಾಗ ನಾನು ತೂಕಡಿಸಿದೆ. ಎಚ್ಚರವಾದಾಗ ಅಡಿಪಟ್ಟಿ ಕೆಳಗೆ ಜಾರಿತ್ತು. ಎರಡು ಸಾಲು ಬಿಟ್ಟುಹೋಗಿದೆ ಅಂತ ನನಗೆ ಗೊತ್ತಿತ್ತು. ಹಿಂದಕ್ಕೆ ಹೋಗಿ ಓದಬೇಕಿತ್ತು. ಓದಲಿಲ್ಲ. ಸಾಕಾಗಿತ್ತು ನನಗೆ. ಒಂದು ದಿನದ್ದಲ್ಲ ಅದು. ಯಾರೂ ಹಿಡಿಯಲ್ಲ ಅಂದ್ಕೊಂಡು ಪುಟ ತಿರುಗಿಸಿದೆ."

ಯಾರೂ ಹುಬ್ಬೇರಿಸಲಿಲ್ಲ. "ಹಾಗಾದ್ರೆ ನಮಗಿಂತ ಮೊದಲೇ ನಿಮ್ಮನ್ನ ತಿಂದಿದೆ ಅದು," ಎಂದು ಅಂಚೆಯಣ್ಣ ಚಹಾದ ಲೋಟವನ್ನು ಆಕೆಯ ಕಡೆ ಸರಿಸಿದ.

"ತಗೊಂಡೆ," ಎಂದಿತು ತೂಕಡಿ.

ದಣಿವೇನೂ ಇಳಿಯಲಿಲ್ಲ. ಡಿಪೋದಿಂದ ಮನೆಗೆ ನಡೆಯುವಾಗ ಕರಡಿಯಮ್ಮನ ಮಂಡಿಗಳು ಎಂದಿನಂತೆಯೇ ನೋಯುತ್ತಿದ್ದವು. ಆದರೆ ತಪ್ಪೆಲ್ಲ ಅಕ್ಷರ ಜೋಡಿಸಿದವನದೇ ಎಂದು ಹೇಳಿಕೊಳ್ಳುವ ದಾರಿ ಮುಚ್ಚಿಹೋಗಿತ್ತು. ಲಕಾರ ಹಾಕಿದರೆ ಪುಟ ಶುದ್ಧವಾಗುತ್ತದೆ, ಆ ಮೂವರ ಪಾಲಿಗೆ ತೂಕಡಿ ಸಾಯುತ್ತದೆ. ಬಿಟ್ಟರೆ ಅರ್ಥವಿಲ್ಲದ ಸಾಲೊಂದು ತಾನು ಕಣ್ಣಾರೆ ಕಂಡ ಮೇಲೂ ಅಚ್ಚಿಗೆ ಹೋಗುತ್ತದೆ; ಅದನ್ನು ಮೂವತ್ತೊಂದು ವರ್ಷದ ಕೈ ಒಪ್ಪದು.

ಎರಡನೆಯ ಮುದ್ರಣದ ಕರಡು ಬಂದಾಗ ಆಕೆ ನಲವತ್ತೇಳನೆಯ ಪುಟದ ಮುಂದೆ ಅರ್ಧ ದಿನ ಕುಳಿತಳು. ಕೊನೆಗೆ ಅಂಚಿನಲ್ಲಿ, ಸೇರಿಸುವ ಗುರುತಿನ ಪಕ್ಕ, ನಾಲ್ಕು ಪದ ಬರೆದಳು. ಸಾಲು ಹೀಗಾಯಿತು: "ಕಂಡವರು ಅದು ಏಳುವ ಮೊದಲೇ ತಮ್ಮ ದಿನದ ದಣಿವನ್ನು ಕೊಟ್ಟು ಕೊಳ್ಳಬೇಕು."

ಯಜಮಾನ ಕರಡನ್ನು ಹಿಡಿದುಕೊಂಡೇ ಬಂದ. "ಇದು ಮೂಲದಲ್ಲಿ ಇಲ್ವಲ್ಲ?"

"ಇಲ್ಲ. ನಾನು ಸೇರಿಸಿದ್ದು."

"ನೀವಾ? ತಿದ್ದು, ಸೇರಿಸಬೇಡ ಅಂತ ನಮ್ಮೆಲ್ಲರ ಪ್ರಾಣ ತಿಂದವರು?"

"ನಾನೇ. ಬರೆದವರನ್ನ ಕೇಳಿದ್ದೇನೆ, ಒಪ್ಪಿದ್ದಾರೆ. ಮೊದಲ ಸಲ ಆ ಪುಟವನ್ನ ನಾನು ಸರಿಯಾಗಿ ಓದಿರಲಿಲ್ಲ. ಅದನ್ನೂ ನಿಮ್ಮ ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳಿ."

ಯಜಮಾನ ಏನನ್ನೂ ಬರೆದುಕೊಳ್ಳಲಿಲ್ಲ. ಪುಸ್ತಕ ಅಚ್ಚಾಯಿತು, ಆಕೆ ನಿವೃತ್ತಳಾದಳು. ಮೂರು ವರ್ಷದ ನಂತರ ಒಂದು ಬೆಳಿಗ್ಗೆ ತಂಗಿ ಎಬ್ಬಿಸಿದಾಗ ಏಳಲಿಲ್ಲ.

ಬಿಟ್ಟುಹೋದದ್ದು: ಕನ್ನಡಕ ಎರಡು, ಒಂದಕ್ಕೆ ಗಾಜಿಲ್ಲ. ಹತ್ತಿಯ ಸೀರೆ ಒಂಬತ್ತು. ಬೆನ್ನು ಕಿತ್ತ ನಿಘಂಟು ಒಂದು. ಸಂಜೆ ಶಾಲೆಯ ಪ್ರಮಾಣಪತ್ರ, ಅದರಲ್ಲಿದ್ದ ಒಂದು ತಪ್ಪನ್ನು ಪೆನ್ಸಿಲಿನಿಂದ ಗುರುತಿಸಿದ್ದು. ಬಿಸಿನೀರಿನ ಚೀಲ. ಡಿಪೋದಲ್ಲಿ ಬಿಟ್ಟು ಬರುತ್ತಿದ್ದ ಕೊಡೆ, ಅಂಚೆಯಣ್ಣ ತಂದುಕೊಟ್ಟದ್ದು. ಅರ್ಧ ಹೆಣೆದ ಕಾಲುಚೀಲ, ದಾದಿಯ ಅಳತೆಯದು. ಮತ್ತು ಒಬ್ಬಳು ತಂಗಿ, ಸೊಂಟನೋವಿನವಳು.