ಬಾಲ ಎತ್ತಿ ನೋಡುವ ವ್ಯಾಪಾರ

ಬೀಜ ತೆಗೆಯದ ಗಂಡು ಹಂದಿಯ ಮಾಂಸಕ್ಕೆ ಕೆಟ್ಟ ವಾಸನೆ ಇರುತ್ತದೆ. ಅದಕ್ಕೇ ಮರಿಯಾಗಿದ್ದಾಗಲೇ ಬ್ಲೇಡ್ ಹಾಕಿಸಿ ಬೀಜ ತೆಗೆಸುತ್ತಾರೆ. ಬ್ಲೇಡಿನ ಬದಲು ಎರಡು ಇಂಜೆಕ್ಷನ್ ಸಾಕು, ಕಡಿಮೆ ತಿಂದು ಹೆಚ್ಚು ತೂಕ ಬರುತ್ತದೆ ಎಂದು ಹಂದಿ ಸಾಕುವ ಕುಕ್ಕುಂದೂರಿನ ಲೀನಾ ಬಾಯಿಯನ್ನು ಒಪ್ಪಿಸಿದ್ದು ನಾನೇ. ಮದ್ದಿನ ಕಂಪನಿ ನನಗೆ ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ. ಅವರ ಬಳಿ ಇದ್ದದ್ದು ನಾಲ್ಕೇ ಗಂಡು ಹಂದಿ.

ಹಂದಿಗಳೇನೋ ಚೆನ್ನಾಗಿ ಬೆಳೆದವು. ಕೊಳ್ಳಲು ಉಡುಪಿಯಿಂದ ಬಂದ ವ್ಯಾಪಾರಿ ಒಂದೊಂದರ ಬಾಲ ಎತ್ತಿ ನೋಡಿದ.

“ಎಂತ ಬಾಯಿ, ಬೀಜ ಹಾಗೆಯೇ ಉಂಟಲ್ಲ!”

“ಇಂಜೆಕ್ಷನ್ ಕೊಟ್ಟಿದೆ, ವಾಸನೆ ಬರುವುದಿಲ್ಲ,” ಎಂದು ನಾನು ಇಂಜೆಕ್ಷನ್ ಕೊಟ್ಟ ದಾಖಲೆಯ ಕಾಗದ ಚಾಚಿದೆ.

“ಮದುವೆ ಊಟದಲ್ಲಿ ಇದನ್ನು ನೀವೇ ಬಂದು ಓದುತ್ತೀರಾ ಮಾರಾಯ್ರೆ?”

ಅವನು ಅರ್ಧ ಬೆಲೆ ಹೇಳಿದ. ಬಾಯಿ ಒಪ್ಪಲಿಲ್ಲ. ಮರುದಿನ ಆ ಬೆಳೆದ ಹಂದಿಗಳಿಗೇ ಬ್ಲೇಡ್ ಹಾಕಿಸಿದರು. ಗಾಯ ಕೀವಾಗಿ ಎರಡು ಸತ್ತವು.

ನಾನು ಹೋದಾಗ ಬಾಯಿ ಸತ್ತ ಎರಡರ ಗೂಡು ತೊಳೆಯುತ್ತಿದ್ದರು.

“ಇಂಜೆಕ್ಷನ್ ಉಳಿದಿದೆಯಾ ಸರ್? ಆ ವ್ಯಾಪಾರಿಗೆ ಒಂದು ಕೊಡಿ.”

ನಾನು ನಗಲಿಲ್ಲ, ಅವರೂ ನಗಲಿಲ್ಲ. ಮದ್ದು ಕೆಲಸ ಮಾಡಿದೆ ಎಂದು ವರದಿ ಬರೆದೆ. ಅದು ಸುಳ್ಳೂ ಅಲ್ಲ.